ನನ್ನ ತಲೆಯ ಮೇಲಿನ ಆಣೆ

ಬೀಟೆ ಮರಕ್ಕೆ ಗರಗಸ ಹಾಕಿದಾಗ ಏಳುವ ವಾಸನೆ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ ಕಾಣೆ. ಬಾಡಿದ ಗುಲಾಬಿಯನ್ನು ಬೆಲ್ಲದ ಡಬ್ಬಿಯಲ್ಲಿ ನಾಲ್ಕು ದಿನ ಮುಚ್ಚಿಟ್ಟು ತೆಗೆದ ಹಾಗಿರುತ್ತದೆ. ಸಿಹಿಯಾಗಿ, ಸ್ವಲ್ಪ ಮಂಕಾಗಿ, ಗಂಟಲಿನ ಹಿಂದೆ ಹೋಗಿ ಕೂರುತ್ತದೆ. ಮೂಡಿಗೆರೆಯಲ್ಲಿ ನಮ್ಮದೊಂದು ಮೆಡಿಕಲ್ ಶಾಪು. ಪಕ್ಕದಲ್ಲೇ ಒಬ್ಬ ಆಚಾರಿಯ ಕೆಲಸದ ಮನೆ. ಅವನು ದಿನವೂ ಕೊಯ್ಯುವುದು ಸಿಲ್ವರ್ ಓಕ್, ಹಲಸು, ಹೆಚ್ಚೆಂದರೆ ತೇಗ. ಆ ಸದ್ದಿಗೂ ಧೂಳಿಗೂ ನಾವು ಒಗ್ಗಿಹೋಗಿದ್ದೇವೆ. ಹೋದ ತಿಂಗಳು ಯಾರೋ ತಮ್ಮ ಅಜ್ಜನ ಕಾಲದ ಬೀಟೆ ಮಂಚ ತಂದು, ಇದನ್ನು ಸಣ್ಣ ದಿವಾನ ಮಾಡಿಕೊಡು ಅಂದರಂತೆ. ನಾನು ಅಂಗಡಿಯಲ್ಲಿ ಒಬ್ಬರಿಗೆ ಬಿಪಿ ಮಾತ್ರೆ ಕೊಡುತ್ತಿದ್ದೆ. ಗರಗಸದ ಸದ್ದಿನ ಹಿಂದೆಯೇ ವಾಸನೆ ಬಂತು. ಕೈ ಅಲ್ಲೇ ನಿಂತಿತು. ನಲವತ್ತು ದಾಟಿದ ಹೆಂಗಸು ನಾನು, ಹತ್ತು ಜನರ ಎದುರಿಗೆ ಕೌಂಟರ್ ಹಿಂದೆ ನೆಲಕ್ಕೆ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿತು ಅಂತ ಸುಳ್ಳು ಹೇಳಿದೆ. ಆ ದಿನ ಬಿಸಿಲೇ ಇರಲಿಲ್ಲ.

ನಮ್ಮ ಮನೆ ಬಣಕಲ್ಲಿನಿಂದ ಸ್ವಲ್ಪ ಒಳಗಿತ್ತು. ಈಗ ಹೋದರೆ ಕಾಣುವುದು ಒಂದು ಹೋಂಸ್ಟೇ; ಈಜುಕೊಳಕ್ಕೆ ನೀಲಿ ಟೈಲ್ಸ್ ಹಾಕಿದ್ದಾರೆ, ಶನಿವಾರ ಭಾನುವಾರ ಕಾರುಗಳು ಸಾಲಾಗಿ ನಿಲ್ಲುತ್ತವೆ. ಆ ಕಾರುಗಳು ನಿಲ್ಲುವ ಜಾಗದಲ್ಲಿ ಆಗ ಒಂದು ತಗಡಿನ ಶೆಡ್ಡಿತ್ತು, ಶೆಡ್ಡಿನಲ್ಲಿ ಒಂದು ಹಳೆಯ ಲಾರಿ. ಮನೆಗಿಂತ ಶೆಡ್ಡೇ ದೊಡ್ಡದು. ಮನೆ ತುಂಬ ಡೀಸೆಲ್ಲಿನ, ಗ್ರೀಸಿನ, ಒದ್ದೆ ಹಗ್ಗದ ವಾಸನೆ. ಅಮ್ಮ ಎಷ್ಟು ಅಗರಬತ್ತಿ ಹಚ್ಚಿದರೂ ಅಷ್ಟೇ. ನಮಗೆ ಕಾಫಿ ತೋಟವಿತ್ತು, ಇಲ್ಲವೆಂದಲ್ಲ; ಐದಾರು ಎಕರೆ, ಅದೂ ಮೆಣಸಿನ ಬಳ್ಳಿ ಕೈ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ನಾಟದಿಂದ. ಮರದ ದಿಮ್ಮಿಗೆ ನಮ್ಮ ಕಡೆ ನಾಟ ಅನ್ನುತ್ತೇವೆ. ಸಿಲ್ವರ್ ಮರ ಕಡಿದು ಸಾಗಿಸಲು ದೊಡ್ಡಪ್ಪನ ಹತ್ತಿರ ಪರ್ಮಿಟ್ಟಿತ್ತು. ಲಾರಿಯಲ್ಲಿ ಮೇಲೆ ಸಿಲ್ವರ್ ಇರುತ್ತಿತ್ತು, ಅಡಿಯಲ್ಲಿ ಬೀಟೆ ಇರುತ್ತಿತ್ತು. ಬೀಟೆ ನಮ್ಮ ತೋಟದಲ್ಲಿ ಹುಟ್ಟಿ ಬೆಳೆದರೂ ಸರ್ಕಾರದ್ದು. ಅದನ್ನು ಕಡಿದರೆ ಕಳ್ಳತನ. ನಮ್ಮ ತೋಟದ ಬೀಟೆ ಮುಗಿದು ಎಷ್ಟೋ ವರ್ಷವಾಗಿತ್ತು. ಕಡಿಯುತ್ತಿದ್ದದ್ದು ಬೇರೆಯವರ ತೋಟದ್ದು, ಕಾಡಿನದ್ದು, ಎಲ್ಲಿ ಸಿಕ್ಕಿದರೆ ಅಲ್ಲಿಯದು.

ದೊಡ್ಡಪ್ಪನಿಗೆ ಮದುವೆಯಾಗಿರಲಿಲ್ಲ. ಆರಡಿ ಆಳು, ಬಿಳಿ ಪಂಚೆ, ಬಾಯಲ್ಲಿ ಯಾವಾಗಲೂ ಲವಂಗ. ಕುಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಗಟ್ಟಿಯಾಗಿ ಮಾತಾಡಿದ್ದನ್ನೇ ನಾನು ಕೇಳಿಲ್ಲ. ಸುತ್ತಮುತ್ತ ಯಾರಿಗೆ ಆಸ್ಪತ್ರೆಗೆ ಜೀಪು ಬೇಕಾದರೂ ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದರು, ಮತ್ತು ಅದೇ ಜನ ಇವರು ರಸ್ತೆಯಲ್ಲಿ ಎದುರಾದರೆ ಮಾತು ನಿಲ್ಲಿಸುತ್ತಿದ್ದರು. ಅಪ್ಪ ಅವರ ತಮ್ಮ. ಅಣ್ಣ ಕೂರು ಅಂದರೆ ಕೂತು, ಏಳು ಅಂದರೆ ಏಳುವ ಮನುಷ್ಯ. ಅಣ್ಣ ತಪ್ಪು ಮಾಡಬಹುದು ಎಂಬ ಯೋಚನೆಯೇ ಅವರ ತಲೆಗೆ ಹೋದದ್ದಿಲ್ಲ. ಲಾರಿ ಓಡಿಸುತ್ತಿದ್ದವನು ನಾಗೇಶಮಾವ, ಅಮ್ಮನ ಸ್ವಂತ ತಮ್ಮ. ಕಳಸದ ಕಡೆಯ ಹಳ್ಳಿಯಿಂದ ಅಕ್ಕನ ಜೊತೆ ಬಂದವನು ನಮ್ಮಲ್ಲೇ ಉಳಿದುಬಿಟ್ಟಿದ್ದ. ಇಪ್ಪತ್ನಾಲ್ಕೋ ಇಪ್ಪತ್ತೈದೋ ವಯಸ್ಸು. ಘಟ್ಟದ ತಿರುವಿನಲ್ಲಿ ಲಾರಿಗೆ ಹೇಗೆ ಗದರಬೇಕು ಅಂತ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದ. ನನಗೆ ಜಡೆ ಹೆಣೆಯಲು ಬರುತ್ತಿದ್ದ ಮನೆಯ ಏಕೈಕ ಗಂಡಸು. ಅವನು ಹೆಣೆದ ಜಡೆ ಲಾರಿಗೆ ಕಟ್ಟಿದ ಹಗ್ಗದಷ್ಟು ಬಿಗಿಯಾಗಿರುತ್ತಿತ್ತು, ಸಂಜೆವರೆಗೂ ಬಿಚ್ಚುತ್ತಿರಲಿಲ್ಲ.

ಕೆಲಸ ನಡೆಯುತ್ತಿದ್ದದ್ದು ಮಳೆ ಜೋರಾಗಿ ಹೊಯ್ಯುವ ಮಧ್ಯಾಹ್ನಗಳಲ್ಲಿ. ಆಗ ಗರಗಸದ ಸದ್ದು ನೂರು ಮಾರು ದಾಟುತ್ತಿರಲಿಲ್ಲ. ಬಾಬಣ್ಣ ಅಂತ ಒಬ್ಬ ಮರ ಕೊಯ್ಯುವವನಿದ್ದ, ಬಲಗೈಯಲ್ಲಿ ನಾಲ್ಕೇ ಬೆರಳು. ಅವನು ಕೊಯ್ದಲ್ಲಿ ಬಿದ್ದ ಪುಡಿಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮನೆಗೆ ತರುತ್ತಿದ್ದರು, ಗುರುತು ಉಳಿಯಬಾರದಲ್ಲ. ಅಮ್ಮ ಅದನ್ನು ಬಚ್ಚಲ ಒಲೆಗೆ ಹಾಕುತ್ತಿದ್ದಳು. ಹಾಗಾಗಿ ನಮ್ಮ ಸ್ನಾನದ ನೀರಿಗೆಲ್ಲ ಬೀಟೆಯ ಹೊಗೆ. ಶಾಲೆಯಲ್ಲಿ ಯಾರಾದರೂ ಹತ್ತಿರ ಬಂದು ಕೂತರೆ ನನ್ನ ಕೂದಲಿನಿಂದ ಗುಟ್ಟು ಹೊರಗೆ ಬೀಳುತ್ತದೇನೋ ಅಂತ ನಾನು ಸರಿದು ಕೂರುತ್ತಿದ್ದೆ.

ಪ್ರತಿ ವರ್ಷ ಮುಂಗಾರಿನ ಮೊದಲ ಲೋಡಿಗೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಆಣೆ ನಡೆಯುತ್ತಿತ್ತು. ಬೇರೆ ಮನೆಗಳಲ್ಲಿ ಏನಾದರೂ ವ್ಯಾಜ್ಯವಾದರೆ ದೇವಸ್ಥಾನಕ್ಕೆ ಹೋಗಿ ಪ್ರಮಾಣ ಮಾಡುತ್ತಾರೆ. ದೊಡ್ಡಪ್ಪ ಅದಕ್ಕೆ ಒಪ್ಪುತ್ತಿರಲಿಲ್ಲ. ಒಮ್ಮೆ ಬಾಬಣ್ಣ ಕೇಳಿದ್ದಕ್ಕೆ ಲವಂಗ ಅಗಿಯುತ್ತಾ, "ನಮ್ಮ ಈ ಕೆಲ್ಸಕ್ಕೆಲ್ಲ ದೇವ್ರನ್ನ ಎಳೀಬಾರ್ದು ಮಾರಾಯ, ಅದಕ್ಕೆ ಅದರದ್ದೇ ಕೆಲ್ಸ ಬೇಕಾದಷ್ಟಿದೆ" ಅಂದಿದ್ದರು. ದೇವರ ಮುಂದೆ ಸುಳ್ಳು ಹೇಳಿ ಬಂದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಮನೆಯ ಮಗುವಿನ ತಲೆ ಮುಟ್ಟಿ ಸುಳ್ಳು ಹೇಳುವ ಗಂಡಸನ್ನು ಕಂಡಿರಲಿಲ್ಲವಂತೆ. ಮನೆಗೆ ಇದ್ದದ್ದು ನಾನೊಬ್ಬಳೇ ಮಗು. ಅಮ್ಮ ನನಗೆ ಎಣ್ಣೆ ಹಚ್ಚಿ, ತಲೆ ಬಾಚಿ, ಮಣೆಯ ಮೇಲೆ ಕೂರಿಸಿ ಒಳಗೆ ಹೋಗಿಬಿಡುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಅಡುಗೆಮನೆಯಿಂದ ಹೊರಗೆ ಬಂದದ್ದಿಲ್ಲ. ದೊಡ್ಡಪ್ಪ, ಅಪ್ಪ, ಮಾವ, ಬಾಬಣ್ಣ, ಲೋಡ್ ಮಾಡುವ ಇಬ್ಬರು. ಒಬ್ಬೊಬ್ಬರೇ ಬಂದು ನನ್ನ ನೆತ್ತಿಯ ಮೇಲೆ ಬಲಗೈ ಇಟ್ಟು ಹೇಳುತ್ತಿದ್ದರು: "ಈ ಮನೆ ಮಾತು ಈ ಮನೆ ದಾಟಲ್ಲ. ದಾಟಿದ್ರೆ ಈ ಕೂಸಿನ ಮೇಲಾಣೆ." ದೊಡ್ಡಪ್ಪನ ಕೈ ಭಾರ, ತಣ್ಣಗೆ. ಅಪ್ಪನದು ಅಂಜಿದ ಕೈ, ಇಟ್ಟದ್ದೇ ತಿಳಿಯುತ್ತಿರಲಿಲ್ಲ. ಬಾಬಣ್ಣನ ಬೆರಳಿಲ್ಲದ ಜಾಗದಲ್ಲಿ ಗಾಳಿ ಆಡುತ್ತಿತ್ತು. ಮಾವ ಮಾತ್ರ ಆಣೆ ಮುಗಿಸಿ ಕೈ ತೆಗೆಯುವಾಗ ಯಾರಿಗೂ ಕಾಣದ ಹಾಗೆ ನನ್ನ ಕಿವಿ ಹಿಂಡುತ್ತಿದ್ದ.

ಮೊದಲ ವರ್ಷ ನನಗೆ ಹೆಮ್ಮೆ. ಆರು ವರ್ಷದವಳು, ಇಷ್ಟು ದೊಡ್ಡ ಗಂಡಸರೆಲ್ಲ ನನ್ನ ಮುಂದೆ ಬಗ್ಗುತ್ತಾರೆ ಅಂತ. ಎಂಟಾಗುವ ಹೊತ್ತಿಗೆ ಮಾತಿನ ಅರ್ಥ ತಿಳಿಯಿತು. "ಯಾರಾದ್ರೂ ಹೇಳಿಬಿಟ್ರೆ ನಂಗೆ ಏನಾಗುತ್ತೆ ದೊಡ್ಡಪ್ಪ?" ಅಂತ ಕೇಳಿದೆ. ಅವರು ನಕ್ಕು, "ಯಾರೂ ಹೇಳಲ್ಲ ಕೂಸೆ" ಅಂದರು. ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ ಅನ್ನುವುದು ಮಕ್ಕಳಿಗೂ ಗೊತ್ತಾಗುತ್ತದೆ. ಆಮೇಲೆ ನಾನು ಆ ಆರು ಜನರನ್ನು ಕಾಯತೊಡಗಿದೆ. ಲೋಡಿನವರು ಬಣಕಲ್ ಪೇಟೆಯಲ್ಲಿ ಕುಡಿದು ಬಂದರೆ ಅವರು ಹೊರಡುವವರೆಗೂ ಜಗಲಿಯಲ್ಲೇ ಕೂತು ಕಿವಿಗೊಡುತ್ತಿದ್ದೆ. ಬಾಬಣ್ಣ ಯಾರ ಹತ್ತಿರವೋ ರಸ್ತೆ ಬದಿ ನಿಂತು ಮಾತಾಡಿದರೆ, ಏನು ಮಾತಾಡಿದ ಅಂತ ಅವನ ಹಿಂದೆಯೇ ಸುತ್ತುತ್ತಿದ್ದೆ. ಸಣ್ಣ ನೆಗಡಿಯಾದರೂ ಯಾರೋ ಬಾಯಿಬಿಟ್ಟರು ಅನ್ನಿಸುತ್ತಿತ್ತು. ನಿಮ್ಮ ಬಾಲ್ಯದಲ್ಲಿ ನೀವು ಗುಮ್ಮನಿಗೆ ಹೆದರಿರಬಹುದು, ಮೇಷ್ಟರಿಗೆ ಹೆದರಿರಬಹುದು. ನಾನು ಊಟಕ್ಕೆ ಜೊತೆಗೆ ಕೂರುವ ಗಂಡಸರ ನಾಲಿಗೆಗೆ ಹೆದರಿದೆ. ನನ್ನ ನಾಲಿಗೆಯ ಬಗ್ಗೆ ಒಮ್ಮೆಯೂ ಯೋಚನೆ ಬರಲಿಲ್ಲ.

ನನ್ನ ತರಗತಿಯಲ್ಲಿ ಶಾಲಿನಿ ಅಂತ ಒಬ್ಬಳಿದ್ದಳು, ಚೆಕ್‌ಪೋಸ್ಟಿನ ಫಾರೆಸ್ಟ್ ಗಾರ್ಡಿನ ಮಗಳು. ನನಗೆ ಆಗ ಒಂಬತ್ತು. ಒಂದು ಗುರುವಾರ ಮಧ್ಯಾಹ್ನ, ಮಳೆ ಅಂತ ಎಲ್ಲರೂ ಒಳಗೇ ಊಟಕ್ಕೆ ಕೂತಿದ್ದೆವು. ಅವಳು ತನ್ನ ಅಪ್ಪನಿಗೆ ವೈರ್‌ಲೆಸ್ ಕೊಟ್ಟಿದ್ದಾರೆ, ಅಪ್ಪ ಕೈ ಅಡ್ಡ ಹಿಡಿದರೆ ಎಂಥ ಲಾರಿಯೂ ನಿಲ್ಲಬೇಕು ಅಂತ ಕೊಚ್ಚಿಕೊಳ್ಳುತ್ತಿದ್ದಳು. ಸುತ್ತ ಕೂತವರು ಬಾಯಿ ಬಿಟ್ಟು ಕೇಳುತ್ತಿದ್ದರು. ನನಗೆ ಸಹಿಸಲಾಗಲಿಲ್ಲ. "ನಿಮ್ಮಪ್ಪ ಮೇಲಿರೋ ಸಿಲ್ವರ್ ನೋಡಿ ಬಿಡ್ತಾರೆ ಅಷ್ಟೆ. ಅಡೀಲಿ ಬೀಟೆ ಇರೋದು ಅವ್ರಿಗೆ ಗೊತ್ತೇ ಆಗಲ್ಲ" ಅಂದೆ. ಅಂದ ಕೂಡಲೇ ಬಾಯಿಯೊಳಗಿನ ಅನ್ನ ಕಲ್ಲಾಯಿತು. ಶಾಲಿನಿ ನನ್ನನ್ನೇ ಒಂದು ಕ್ಷಣ ನೋಡಿ, "ನಿಂಗೆ ಹೆಂಗೆ ಗೊತ್ತು?" ಅಂದಳು. "ಸುಮ್ನೆ ಹೇಳ್ದೆ" ಅಂದೆ. ಅವಳು ಮನೆಯಲ್ಲಿ ಹೇಳಿದಳೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಶನಿವಾರ ನಮ್ಮ ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು, ಯಾವತ್ತೂ ಇಲ್ಲದ್ದು ಪೂರ್ತಿ ಲೋಡು ಇಳಿಸಿದರು.

ಲೋಡಿನವರಿಬ್ಬರೂ ಸಿಕ್ಕಿಬಿದ್ದರು. ಮಾವ ಲಾರಿಯಿಂದ ಹಾರಿ ಕಾಡಿಗೆ ಬಿದ್ದು ತಪ್ಪಿಸಿಕೊಂಡ. ಸುದ್ದಿ ಮನೆಗೆ ಬಂದಾಗ ನಾನು ಶಾಲೆಯಿಂದ ನೆನೆದು ಬಂದು ಒಲೆ ಮುಂದೆ ಕೂತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು, "ಯಾರೋ ಹೇಳಿದ್ದಾರೆ" ಅಂದರು, ಅಷ್ಟೇ. ಅರ್ಧ ಗಂಟೆಯಲ್ಲಿ ನನಗೆ ಮೈ ಸುಡತೊಡಗಿತು. ಈಗ ದಿನಕ್ಕೆ ಹತ್ತು ಜನರಿಗೆ ಜ್ವರದ ಮಾತ್ರೆ ಕೊಡುವ ನಾನು ಹೇಳಬಲ್ಲೆ, ಅದು ಮಳೆಯಲ್ಲಿ ನೆನೆದ ಜ್ವರ. ಆಗ ನಾನು ಕಂಬಳಿಯೊಳಗೆ ಸೇರಿಕೊಂಡು ಸಾಯುವುದಕ್ಕೆ ಕಾದೆ. ದೊಡ್ಡಪ್ಪ ಬಂದು ಹಣೆ ಮುಟ್ಟಿ ನೋಡಿದರು. ಅವರ ಮುಖ ಬಿಳುಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಡಾಕ್ಟರನ್ನೂ ಕರೆಸಿದರು, ಮಾತ್ರೆಯನ್ನೂ ಕೊಡಿಸಿದರು. ಆದರೆ ಹೊರಗೆ ಜಗಲಿಯಲ್ಲಿ ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. "ಕೂಸಿಗೆ ಜ್ವರ ಬಂದಿದೆ. ಕೈ ಇಟ್ಟೋರಲ್ಲೇ ಒಬ್ಬ ಬಾಯಿಬಿಟ್ಟಿದ್ದಾನೆ." ಪೊಲೀಸರು ಸಾಕ್ಷಿ ಹುಡುಕುವಂತೆ ನಮ್ಮ ಮನೆಯವರು ನನ್ನ ಮೈಯ ಬಿಸಿಯಲ್ಲಿ ಹುಡುಕಿದರು. ಸಿಕ್ಕಿಬಿದ್ದವರು ತಾವೇ ಸಿಕ್ಕಿಬೀಳುವ ಹಾಗೆ ಬಾಯಿಬಿಟ್ಟಿರಲಾರರು. ಉಳಿದವರು ನಾಲ್ಕು ಜನ. ಅವರಲ್ಲಿ ಒಬ್ಬ ಮಾತ್ರ ಬೇರೆ ಊರಿನಿಂದ ಬಂದವನು, ಹೆಣ್ಣು ಕೊಟ್ಟ ಕಡೆಯವನು.

ಭಾನುವಾರ ಮಧ್ಯಾಹ್ನ ಮಾವ ಬಂದ. ಕಾಡಿನಲ್ಲಿ ನಡೆದು ಬಂದು ಕಾಲೆಲ್ಲ ಜಿಗಣೆ ಕಚ್ಚಿದ ರಕ್ತ. ತಪ್ಪಿಸಿಕೊಂಡವನಿಗೆ ಬೇಕಾದಷ್ಟು ದಾರಿಯಿತ್ತು, ಕಳಸದ ಜೀಪು ಹತ್ತಿ ಊರಿಗೆ ಹೋಗಬಹುದಿತ್ತು. ಅವನು ಅಕ್ಕನ ಮನೆಗೇ ಬಂದ. ನನಗೆ ಹುಷಾರಿಲ್ಲ ಅಂತ ಕೇಳಿದವನು ಕಾಲು ತೊಳೆದು ನೆಟ್ಟಗೆ ನನ್ನ ಹಾಸಿಗೆಗೆ ಬಂದು ಕೂತ. "ಎಂಥ ಆಯ್ತೆ ಪುಟ್ಟಿ?" ಅಂದ. ಅವನ ಕೊರಳಿಗೆ ಜೋತುಬಿದ್ದು ಕಿವಿಯಲ್ಲಿ ಹೇಳಿದೆ. ಶಾಲಿನಿ, ವೈರ್‌ಲೆಸ್ಸು, ಸಿಲ್ವರ್, ಬೀಟೆ, ಎಲ್ಲ. "ನಾನೇ ಹೇಳಿದ್ದು ಮಾವ. ನಾನು ಸತ್ತು ಹೋಗ್ತೀನಾ?" ನನ್ನ ಬೆನ್ನ ಮೇಲಿದ್ದ ಅವನ ಕೈ ತಣ್ಣಗಾಯಿತು. ಆಮೇಲೆ, "ಜ್ವರಕ್ಕೂ ಅದಕ್ಕೂ ಸಂಬಂಧ ಇಲ್ಲ ಕಣೆ. ಯಾರಿಗೂ ಹೇಳ್ಬೇಡ. ನಿಮ್ಮಮ್ಮಂಗೂ ಹೇಳ್ಬೇಡ" ಅಂದ. ಸಂಬಂಧವಿಲ್ಲ ಅಂತ ಹೇಳಿದವನಿಗೆ ಸಂಬಂಧವಿದೆ ಅಂತಲೇ ನಂಬಿಕೆ ಇತ್ತು. ಅದು ಮಾರನೇ ದಿನ ಗೊತ್ತಾಯಿತು.

ಸೋಮವಾರ ಮಧ್ಯಾಹ್ನ ಒಂದು ಜೀಪು ಬಂತು. ಅದರಲ್ಲಿ ಘಟ್ಟದ ಕೆಳಗಿನವರು ಇಬ್ಬರು. ನಾಟ ಕೊಳ್ಳುವವರು ಅವರು, ದೊಡ್ಡಪ್ಪನೂ ಎದ್ದು ನಿಂತು ಮಾತಾಡಿಸುತ್ತಿದ್ದ ಜನ. ಒಬ್ಬನ ಕೈಯಲ್ಲಿ ಉಂಗುರ, ಬಾಯಲ್ಲಿ ನಗು. ಆ ನಗು ಇಡೀ ಹೊತ್ತು ಹಾಗೆಯೇ ಇತ್ತು. ದೊಡ್ಡಪ್ಪ ಅವರಿಗೆ ಕಾಫಿ ಕೊಡಿಸಿ, "ನಮ್ಮ ಮನೇಲಿ ತಪ್ಪು ನಡೆದಿದ್ರೆ ನಿಮ್ಮ ಎದುರಿಗೇ ಗೊತ್ತಾಗ್ಲಿ" ಅಂದರು. ನನ್ನನ್ನು ಕಂಬಳಿ ಸುತ್ತಿ ತಂದು ಅಪ್ಪನ ತೊಡೆಯ ಮೇಲೆ ಕೂರಿಸಿದರು. ಹೊಸ ಆಣೆಯ ಮಾತನ್ನು ದೊಡ್ಡಪ್ಪನೇ ಹೇಳಿಕೊಟ್ಟರು: "ನಾನು ಹೇಳಿಲ್ಲ. ಹೇಳಿದೋರು ಯಾರು ಅಂತ್ಲೂ ನಂಗೆ ಗೊತ್ತಿಲ್ಲ. ಸುಳ್ಳಾದ್ರೆ ಈ ಕೂಸು ಉಳೀಬಾರ್ದು." ಮೊದಲು ತಾವೇ ಕೈ ಇಟ್ಟು ಹೇಳಿದರು. ಅಪ್ಪ ಹೇಳಿದರು. ಬಾಬಣ್ಣ ನಾಲ್ಕು ಬೆರಳಿಟ್ಟು ಅಳುತ್ತಾ ಹೇಳಿದ. ಆಮೇಲೆ ಮಾವ ಬಂದು ನನ್ನ ಮುಂದೆ ಮಂಡಿಯೂರಿದ.

ಅವನು ಕೈ ಎತ್ತಿದ. ನನ್ನ ನೆತ್ತಿಗೆ ಇನ್ನು ಒಂದು ಅಂಗುಲ ಇರಬೇಕು, ಕೈ ನಿಂತಿತು. "ನಾನು ಹೇಳಿಲ್ಲ" ಅಂತ ಅವನು ಧೈರ್ಯವಾಗಿ ಹೇಳಬಹುದಿತ್ತು. ಎರಡನೇ ಮಾತು ಹೇಳುವಂತಿರಲಿಲ್ಲ. ಹೇಳಿದವರು ಯಾರು ಅಂತ ಅವನಿಗೆ ಗೊತ್ತಿತ್ತು. ಕೈ ಇಟ್ಟು ಆ ಸುಳ್ಳು ಹೇಳಿದರೆ ಸುಡುವ ಮೈಯ ಈ ಕೂಸು ಉಳಿಯುವುದಿಲ್ಲ ಅಂತ ಅವನು ನಂಬಿದ್ದ, ಆ ಮನೆಯ ಎಲ್ಲರಂತೆಯೇ. ಮಾವ ನನ್ನ ಕಣ್ಣನ್ನೇ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. "ನಾನು ಇಡಲ್ಲ ದೊಡ್ಡ ಭಾವ" ಅಂದ. "ಯಾಕೆ?" ಅಂದರು ದೊಡ್ಡಪ್ಪ. "ಇಡಲ್ಲ" ಅಂದ. ದೊಡ್ಡಪ್ಪ ಮತ್ತೆ ಕೇಳಿದರು, ಬೇಡಿಕೊಳ್ಳುವ ದನಿಯಲ್ಲಿ: "ಇಡು ಮಾರಾಯ. ಇಟ್ಟು ಒಂದು ಮಾತು ಹೇಳು, ಮುಗೀತು." ಮಾವ ತಲೆ ಅಲ್ಲಾಡಿಸಿದ. ನಾನು ಬಾಯಿ ತೆರೆದೆ. ನಾನೇ ಅಂತ ಹೇಳಬೇಕು, ಎರಡೇ ಅಕ್ಷರ. ಉಂಗುರದವನು ನನ್ನ ಕಡೆ ನೋಡಿದ. ನನ್ನ ಬಾಯಿಂದ ಮಾತು ಬರಲಿಲ್ಲ, ಅಪ್ಪನ ಪಂಚೆ ಒದ್ದೆಯಾಯಿತು. ಜ್ವರದಲ್ಲಿ ಮಗುವಿಗೆ ತಿಳಿಯಲಿಲ್ಲ ಅಂತ ಅಪ್ಪ ಕಂಬಳಿ ಎಳೆದು ಮುಚ್ಚಿದರು.

ಆಗ ಅಡುಗೆಮನೆಯ ಬಾಗಿಲಿಗೆ ಅಮ್ಮ ಬಂದಳು. ಆಣೆಯ ಹೊತ್ತಿನಲ್ಲಿ ಅವಳು ಹೊರಗೆ ಬಂದದ್ದು ಅದೇ ಮೊದಲು. ಸೆರಗು ಬಿಗಿದು ಕಟ್ಟಿಕೊಂಡು, ತಮ್ಮನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು: "ಇವತ್ತಿಂದ ನೀನು ನನ್ನ ತಮ್ಮ ಅಲ್ಲ. ಈ ಮನೆಯಿಂದ ಹೋಗು." ದೊಡ್ಡಪ್ಪ ಆ ಘಟ್ಟದ ಕೆಳಗಿನವರಿಗೆ, "ನಮ್ಮ ಮನೆ ಹೆಣ್ಣಿನ ಒಡಹುಟ್ಟಿದೋನು. ಕೈ ಮಾಡಬೇಡಿ" ಅಂದರು. "ಸ್ವಲ್ಪ ಮಾತಾಡೋದಿದೆ ಅಷ್ಟೆ, ಗೌಡ್ರೆ" ಅಂದ ಉಂಗುರದವನು. ನನ್ನನ್ನು ಮತ್ತೆ ಹಾಸಿಗೆಗೆ ಹಾಕಿದರು. ಹಾಸಿಗೆಯ ಪಕ್ಕ ಕಿಟಕಿ, ಕಿಟಕಿಯ ಹೊರಗೆ ಅಂಗಳ, ಅಂಗಳದಲ್ಲಿ ಜೀಪು. ಎದ್ದು ನೋಡಿದರೆ ಕಾಣುತ್ತಿತ್ತು. ನಾನು ಕಂಬಳಿಯನ್ನು ತಲೆ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದೆ. ಜೀಪಿನ ಬಾಗಿಲು ಎರಡು ಸಲ ಬಡಿದದ್ದು ಕೇಳಿಸಿತು, ಆಮೇಲೆ ಗೇರು ಬದಲಾದದ್ದು.

ನಾಗೇಶಮಾವ ಮತ್ತೆ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ನನ್ನ ಜ್ವರ ಇಳಿಯಿತು. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ದ್ರೋಹ ಮಾಡಿದವನು ಹೊರಗೆ ಹೋದ, ಕೂಸು ಉಳಿಯಿತು. ಬಾಬಣ್ಣ ನನಗೆ ದೃಷ್ಟಿ ತೆಗೆದ. ಅಪ್ಪ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡರು. ನಾನು ಹುಷಾರಾದೆ, ಅದೇ ನನ್ನ ತಪ್ಪು ಅನ್ನಿಸುವಷ್ಟು ಬೇಗ ಹುಷಾರಾದೆ. ದೊಡ್ಡಪ್ಪ ಒಂದು ತಿಂಗಳು ಕಾದು ಘಟ್ಟದ ಕೆಳಗೆ ಹೋಗಿ ವಿಚಾರಿಸಿ ಬಂದರು. "ಅವನನ್ನ ಅಲ್ಲೇ ಬಿಟ್ವಿ, ಎಲ್ಲಿಗೋ ಹೋದ ಅಂತಾರೆ" ಅಂದರು. ಹೇಳುವಾಗ ಅಮ್ಮನ ಮುಖ ನೋಡಲಿಲ್ಲ. ಅಮ್ಮ, "ಸರಿ ಭಾವ" ಅಂದು ಊಟಕ್ಕೆ ಬಡಿಸಿದಳು.

ಆ ಮನೆ ಆಮೇಲೆ ಬಹಳ ವರ್ಷ ನಿಲ್ಲಲಿಲ್ಲ. ಆಣೆ ಮಾಡಿಸುವುದನ್ನು ದೊಡ್ಡಪ್ಪ ಅವತ್ತಿಗೇ ಬಿಟ್ಟರು, ಆಣೆಯಿಲ್ಲದೆ ಯಾರನ್ನೂ ನಂಬಲಾರದೆ ನಾಟದ ಕೆಲಸವನ್ನೂ ಬಿಟ್ಟರು. ಕೋರ್ಟು ಕಚೇರಿ ಅಂತ ತಿರುಗಿ ಸೋತರು. ಮೊದಲೆಲ್ಲ ಶಾಲೆಯಿಂದ ಬಂದ ಕೂಡಲೇ ನನ್ನ ತಲೆ ಸವರುತ್ತಿದ್ದವರು, ಆಮೇಲೆ ಕೈ ಅರ್ಧಕ್ಕೆ ಎತ್ತಿ ಇಳಿಸಿಬಿಡುತ್ತಿದ್ದರು. ಹಾಸಿಗೆ ಹಿಡಿದಾಗ ಒಂದು ದಿನ ನನ್ನನ್ನು ಹತ್ತಿರ ಕರೆದು, "ಕೂಸೆ, ನಿಮ್ಮ ಮಾವ ಓಡಿ ಹೋಗ್ಬಹುದಿತ್ತು. ಹೇಳಿದೋನು ವಾಪಸ್ ಯಾಕೆ ಬರ್ತಾನೆ?" ಅಂತ ಕೇಳಿದರು. ಆಗ ನನಗೆ ಇಪ್ಪತ್ತೆರಡು, ಸಾಯುತ್ತಿರುವ ಮುದುಕ ನನಗೆ ಏನೂ ಮಾಡಲಾರ. ಆದರೂ ಅದೇ ಹೆದರಿಕೆ. "ಗೊತ್ತಿಲ್ಲ ದೊಡ್ಡಪ್ಪ" ಅಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಅವರ ತಿಥಿ ಮುಗಿದ ಮೇಲೆ ಅಪ್ಪ ಮನೆಯನ್ನೂ ತೋಟವನ್ನೂ ಮಾರಿದರು, ಎರಡೇ ವರ್ಷದಲ್ಲಿ ಅಣ್ಣನ ಹಿಂದೆ ಹೋದರು. ಶೆಡ್ಡಿನ ತಗಡನ್ನು ಯಾರೋ ಬಿಚ್ಚಿಕೊಂಡು ಹೋದರು. ಕಳ್ಳರ ಮನೆ ಅಂತ ಈಗ ಜನ ಅಂದರೆ ನನಗೆ ನೋವಾಗುತ್ತದೆ. ಕಳ್ಳರ ಮನೆಯೇ ಹೌದು. ಆದರೆ ನನಗೆ ಜಡೆ ಹೆಣೆದವನಿದ್ದ ಮನೆಯೂ ಅದೇ.

ಅಮ್ಮ ನನ್ನ ಜೊತೆಗೇ ಇದ್ದಾಳೆ, ಎಪ್ಪತ್ತು ದಾಟಿದೆ. ಈ ಮೂವತ್ತು ಚಿಲ್ಲರೆ ವರ್ಷದಲ್ಲಿ ಅವಳು ತಮ್ಮನ ಹೆಸರೆತ್ತಿದ್ದಿಲ್ಲ. ಫೋಟೋ ಇಟ್ಟುಕೊಂಡಿಲ್ಲ. ಬದುಕಿದ್ದಾನೋ ಇಲ್ಲವೋ ತಿಳಿಯದವನಿಗೆ ಎಡೆ ಇಡುವುದು ಹೇಗೆ ಅಂತ ಹಬ್ಬಕ್ಕೂ ಸುಮ್ಮನಿದ್ದುಬಿಡುತ್ತಾಳೆ. ದ್ರೋಹಿ ತಮ್ಮನ ಅಕ್ಕ ಅಂತ ನಾಚಿಕೆ ಇರಬೇಕು ಅಂದುಕೊಂಡಿದ್ದೆ. ಹೋದ ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತೆ. ಇನ್ನು ಹೇಳದಿದ್ದರೆ ಯಾವತ್ತೂ ಹೇಳಲಾರೆ ಅನ್ನಿಸಿತು. "ಅಮ್ಮ, ಅವತ್ತು ಹೇಳಿದ್ದು ಮಾವ ಅಲ್ಲ" ಅಂದೆ.

ಅವಳ ಕೈ ನಿಲ್ಲಲಿಲ್ಲ. "ಗೊತ್ತು" ಅಂದಳು. "ಕಷಾಯ ತಗಂಡು ಬಾಗ್ಲಲ್ಲೇ ನಿಂತಿದ್ದೆ. ನೀನು ಕಿವೀಲಿ ಹೇಳ್ದೆ ಅಂದ್ಕೊಂಡಿದ್ದೀಯ. ಜ್ವರದಲ್ಲಿ ಗಟ್ಟಿಯಾಗೇ ಹೇಳ್ದೆ." ಸುಲಿದ ಬೀಜವನ್ನು ಪಾತ್ರೆಗೆ ಹಾಕಿದಳು. "ನಿನ್ನ ಹೆಸರು ಬಂದಿದ್ರೆ, ಕೂಸಿನ ಕಿವಿಗೆ ಇದನ್ನೆಲ್ಲ ಹಾಕಿದ್ದು ಯಾರು ಅಂತ ಕೇಳೋರು. ಜೀಪು ಹತ್ತೋದು ನಿಮ್ಮಪ್ಪ ಆಗ್ತಿದ್ರು. ಇಲ್ಲ ನಿನ್ನನ್ನೇ ಏನು ಮಾಡ್ತಿದ್ರೋ. ಅವನೂ ಹಂಗೇ ಯೋಚ್ನೆ ಮಾಡಿದ. ನಾವಿಬ್ರೂ ಮಾತಾಡ್ಕೊಳ್ಲಿಲ್ಲ. ಅವನು ಕೈ ತೆಗ್ದಾಗ ನಂಗೆ ಗೊತ್ತಾಯ್ತು. ಅವನ ಬಾಯಿಂದ ಇನ್ನೊಂದು ಮಾತು ಹೊರಡೋದ್ರೊಳಗೆ ನಾನೇ ಹೋಗು ಅಂದ್ಬಿಟ್ಟೆ."

ನಾನು ಅತ್ತೆ. ಅಮ್ಮ ಅಳಲಿಲ್ಲ. ನನ್ನನ್ನು ಅಳಲು ಬಿಟ್ಟು ಬೀಜ ಸುಲಿದಳು. ತುಂಬ ಹೊತ್ತಾದ ಮೇಲೆ, ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದಳು. "ನಾನು ತಲೆ ಎತ್ಲಿಲ್ಲ. ನೀನು ಕಿಟಕಿ ಹತ್ರ ಇದ್ದೆ. ಜೀಪು ಹತ್ತೋವಾಗ ಅವನು ಮನೆ ಕಡೆ ತಿರುಗಿ ನೋಡ್ದ್ನಾ?"

"ನೋಡ್ದ ಅಮ್ಮ" ಅಂದೆ.

"ಅಡುಗೆಮನೆ ಕಡೆ?"

"ಹೂಂ. ನಿನ್ನನ್ನೇ ನೋಡ್ದ. ಸಿಟ್ಟಿರ್ಲಿಲ್ಲ ಮುಖದಲ್ಲಿ."

ಅಮ್ಮ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ನನ್ನ ಬಲಗೈ ಹಿಡಿದು ಎತ್ತಿ, ತನ್ನ ನರೆತ ತಲೆಯ ಮೇಲೆ ತಾನೇ ಇಟ್ಟುಕೊಂಡಳು. "ನನ್ನಾಣೆಗೂ?" ಅಂದಳು.

ಕಂಬಳಿಯೊಳಗೆ ಕಣ್ಣು ಮುಚ್ಚಿಕೊಂಡಿದ್ದವಳು ನಾನು. ಮಾವನಾದರೆ ಕೈ ತೆಗೆಯುತ್ತಿದ್ದ. ನಾನು ತೆಗೆಯಲಿಲ್ಲ. "ನಿನ್ನಾಣೆಗೂ ಅಮ್ಮ" ಅಂದೆ. ಅವಳು ಕಣ್ಣು ಮುಚ್ಚಿ, ಬಾವಿಯಿಂದ ತುಂಬಿದ ಕೊಡ ಎಳೆದು ಕಟ್ಟೆಯ ಮೇಲಿಟ್ಟವಳ ಹಾಗೆ ಒಂದು ಉಸಿರು ಬಿಟ್ಟಳು.

ಜ್ವರಕ್ಕೂ ಆಣೆಗೂ ಸಂಬಂಧವಿಲ್ಲ ಅಂತ ನನಗೆ ಗೊತ್ತು. ಔಷಧಿ ಮಾರುವವಳು ನಾನು. ಆದರೂ ಅವತ್ತಿನಿಂದ ದಿನಾ ಬೆಳಿಗ್ಗೆ, ಅಮ್ಮ ಏಳುವ ಮುಂಚೆ, ಸದ್ದಾಗದಂತೆ ಅವಳ ಕೋಣೆಗೆ ಹೋಗಿ ಹಣೆ ಮುಟ್ಟಿ ನೋಡುತ್ತೇನೆ. ಇವತ್ತೂ ತಣ್ಣಗಿತ್ತು.